ಸೆಕೆಯ ಜಾಡು ಹಿಡಿದು

ಗಾಂಧಿಬಜಾರಿನಿಂದ ಚಾಮರಾಜಪೇಟೆ, ಅಲ್ಲಿಂದ ಎಸ್‌.ಪಿ. ರೋಡು, ಆಮೇಲೆ ಮಲ್ಲೇಶ್ವರ. ಎಲ್ಲ ಸೇರಿಸಿದರೂ ಹತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ನಾನು ಹುಟ್ಟಿ ಬೆಳೆದ ಊರು, ಕಣ್ಣು ಕಟ್ಟಿ ಬಿಟ್ಟರೂ ಮನೆ ಸೇರಬಲ್ಲಷ್ಟು ಗೊತ್ತಿರುವ ಬೀದಿಗಳು. ಈ ಏಪ್ರಿಲಿನಲ್ಲಿ ಒಬ್ಬ ಫ್ರಿಜ್ ಮೆಕ್ಯಾನಿಕ್ಕಿನ ಸ್ಕೂಟರಿನ ಹಿಂದೆ ಕೂತು ಅದೇ ಬೀದಿಗಳನ್ನು ಸುತ್ತಿದೆ. ಇದಕ್ಕಿಂತ ಬೆರಗಿನ ಪ್ರವಾಸವನ್ನು ನಾನು ಮಾಡಿಲ್ಲ. ಕಾಶಿ, ಕೇದಾರ, ಹಂಪಿಗಳನ್ನೆಲ್ಲ ನೋಡಿದ ಮೇಲೆಯೇ ಈ ಮಾತು ಹೇಳುತ್ತಿದ್ದೇನೆ.

ನೆಪವಾದದ್ದು ಬಸವನಗುಡಿಯ ನನ್ನ ಸೋದರತ್ತೆಯ ಮನೆಯ ಫ್ರಿಜ್ಜು. "ಇದು ನಿಲ್ಲೋದೇ ಇಲ್ಲ ಕಣೋ. ರಾತ್ರಿ ಎದ್ದರೂ ಗುಂಯ್ ಅಂತಿರುತ್ತೆ, ಬೆಳಗಿನ ಜಾವ ಎದ್ದರೂ ಗುಂಯ್ ಅಂತಿರುತ್ತೆ" ಅಂದರು ಅತ್ತೆ. ಮೊದಲು ಬಂದು ನೋಡಿದವರೊಬ್ಬರು "ಗ್ಯಾಸ್ ಹೋಗಿದೆ, ತುಂಬಿಸಬೇಕು" ಎಂದು ಹೇಳಿ ಹೋಗಿದ್ದರಂತೆ. ಪಕ್ಕದ ಮನೆಯವರು ಹೊಸದನ್ನೇ ಕೊಂಡುಬಿಡಿ ಎಂದಿದ್ದರು. ಅಷ್ಟರಲ್ಲಿ ಯಾರೋ ಚಾಮರಾಜಪೇಟೆಯ ಈ ಮೆಕ್ಯಾನಿಕ್ಕಿನ ನಂಬರು ಕೊಟ್ಟರು. ಬಂದವರು ಐವತ್ತು ದಾಟಿದ ಮನುಷ್ಯ, ಹುಡುಗನಾಗಿದ್ದಾಗಿನಿಂದ ಇದೇ ಕಸುಬು. ಭುಜದ ಚೀಲ ಕೆಳಗಿಟ್ಟರೇ ಹೊರತು ಅದನ್ನು ಬಿಚ್ಚಲಿಲ್ಲ. ಮೊದಲು ಅತ್ತೆಯನ್ನು ಕೇಳಿದರು: "ಅಮ್ಮ, ಕೆಳಗಿಟ್ಟ ಸೊಪ್ಪು ಗಡ್ಡೆ ಕಟ್ಟುತ್ತಾ, ಇಲ್ಲಾ ದೋಸೆ ಹಿಟ್ಟು ಬೇಗ ಹುಳಿ ಬರುತ್ತಾ?"

"ಹಿಟ್ಟು ಮಾರನೇ ದಿನಕ್ಕೇ ಹುಳಿ ಬಂದುಬಿಡುತ್ತಪ್ಪ" ಎಂದರು ಅತ್ತೆ.

ಆ ಒಂದು ಉತ್ತರದಲ್ಲಿ ಅರ್ಧ ಕೆಲಸ ಮುಗಿದಿತ್ತು. ಫ್ರಿಜ್ಜು ನಿಲ್ಲದೆ ಓಡುತ್ತಿದ್ದು, ಒಳಗಿನ ಕೊತ್ತಂಬರಿ ಸೊಪ್ಪು ಕಲ್ಲಾಗುವಷ್ಟು ತಂಪಾಗುತ್ತಿದ್ದರೆ, ಸಾಕು ಎಂದು ಹೇಳಬೇಕಾದ ಥರ್ಮೋಸ್ಟಾಟ್ ಹೇಳುತ್ತಿಲ್ಲ ಎಂದು ಅರ್ಥ. ಓಡುತ್ತಲೇ ಇದ್ದು ತಂಪೂ ಸಾಲದಿದ್ದರೆ ಕಥೆಯೇ ಬೇರೆ. ಆಗ ಒಳಗಿನ ಶಾಖ ಹೊರಕ್ಕೆ ಹೋಗುತ್ತಿಲ್ಲ, ಇಲ್ಲವೇ ಹೊರಗಿನದು ಒಳಕ್ಕೆ ಬರುತ್ತಿದೆ. ಬಸವನಗುಡಿಯ ಅಡುಗೆಮನೆಯಲ್ಲಿ ದೋಸೆ ಹಿಟ್ಟಿನ ಹುಳಿಯೇ ಥರ್ಮಾಮೀಟರಾಗಿತ್ತು. ಆಮೇಲೆ ಅವರು ನಿಜವಾದ ಥರ್ಮಾಮೀಟರನ್ನೂ ಒಂದು ಲೋಟ ನೀರಿನಲ್ಲಿ ಅದ್ದಿ ನಡುವಿನ ತಟ್ಟೆಯ ಮೇಲಿಟ್ಟರು. 4 ಡಿಗ್ರಿಯ ಆಸುಪಾಸಿನಲ್ಲಿರಬೇಕಾದ್ದು 11ರ ಹತ್ತಿರ ನಿಂತಿತು.

ಅತ್ತೆಯ ಮನೆಯ ಬಗ್ಗೆ ಇಲ್ಲಿ ಹೇಳಲೇಬೇಕು. ಕೆಂಪು ಗಾರೆ ನೆಲ, ಮಂಕಿಟಾಪ್ ಕಿಟಕಿಗಳು, ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ. 1898ರ ಪ್ಲೇಗಿನಲ್ಲಿ ಪೇಟೆಯ ಇಕ್ಕಟ್ಟು ಓಣಿಗಳಿಂದ ಜನ ಹೊರಗೆ ಓಡಿಬಂದ ಕಾಲದಲ್ಲಿ ಬೆಳೆದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಗಾಳಿ ಬೆಳಕು ಆಡಲಿ ಎಂದೇ ಅಗಲ ರಸ್ತೆ ಹಾಕಿ, ಮನೆಯ ಸುತ್ತ ಜಾಗ ಬಿಟ್ಟು ಕಟ್ಟಿದ ಊರು ಇದು. ಆದರೆ ಮನೆ ಪಾಲಾದಾಗ ಅತ್ತೆಯ ಭಾಗದಲ್ಲಿ ಫ್ರಿಜ್ಜಿಗೆ ಸಿಕ್ಕಿದ್ದು ಹಳೆಯ ಉಗ್ರಾಣ. ಮೂರು ಕಡೆ ಗೋಡೆ, ಕಿಟಕಿ ಇಲ್ಲ, ಹಿಂದೆ ಒಂದು ಬೆರಳು ತೂರುವಷ್ಟೂ ಸಂದಿಯಿಲ್ಲ. ಗಾಳಿಗಾಗಿಯೇ ಕಟ್ಟಿದ ಊರಿನಲ್ಲಿ, ಗಾಳಿ ಬೇಕೇಬೇಕಾದ ಒಂದು ಯಂತ್ರವನ್ನು ಗಾಳಿಯಿಲ್ಲದ ಕೋಣೆಯಲ್ಲಿ ಕೂರಿಸಿದಂತಾಗಿತ್ತು. ಹಳೆಯ ಮನೆಗಳನ್ನು ಪಾಲು ಮಾಡಿಕೊಂಡ ಎಷ್ಟು ಸಂಸಾರಗಳಲ್ಲಿ ಹೀಗೆಯೇ ಇದೆಯೋ.

ಇಬ್ಬರೂ ಸೇರಿ ಫ್ರಿಜ್ಜನ್ನು ಮುಂದಕ್ಕೆ ಎಳೆದೆವು. ಹಿಂದಿನ ಕಪ್ಪು ಜಾಲರಿಯಂಥ ಕಾಯಿಲ್ಲಿನ ಮೇಲೆ ಒಗ್ಗರಣೆಯ ಜಿಡ್ಡು, ಅದಕ್ಕೆ ಅಂಟಿದ ಧೂಳು, ಬೂದು ಬಣ್ಣದ ಕಂಬಳಿಯಾಗಿ ಹೆಪ್ಪುಗಟ್ಟಿತ್ತು. "ಕೈ ಇಟ್ಟು ನೋಡಿ ಸಾರ್" ಅಂದರು. ಇಟ್ಟೆ. ಚುರುಕ್ ಎನ್ನುವಂಥ ಬಿಸಿ. "ಇಲ್ಲಿ ಬಿಸಿ ಇದೆ ಅಂದ್ರೆ ಒಳಗೆ ಗ್ಯಾಸ್ ಇದೆ. ಫ್ರೀಜರ್ ತೆಗೀರಿ, ಮಂಜು ಒಂದು ಮೂಲೇಲಿ ಮಾತ್ರ ಕೂತಿದ್ಯಾ, ಎಲ್ಲಾ ಕಡೆ ಸಮ ಕೂತಿದ್ಯಾ? ಎಲ್ಲಾ ಕಡೆ ಇದೆ. ಮಷೀನ್ ಪಾಪ ದುಡೀತಾ ಇದೆ. ಅದರ ಮೇಲೆ ಗೂಬೆ ಕೂರಿಸೋದು ಬೇಡ."

ನನ್ನ ಬೆರಗು ಶುರುವಾದದ್ದು ಅಲ್ಲಿ, ಆ ಬಿಸಿ ಕಾಯಿಲ್ಲಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಾಗ. ನನ್ನ ಕೈಗೆ ತಾಗುತ್ತಿದ್ದದ್ದು ಅತ್ತೆ ಒಳಗಿಟ್ಟ ಹಾಲಿನ ಶಾಖ, ಹುಳಿಯ ಪಾತ್ರೆಯ ಶಾಖ, ಗಾಂಧಿಬಜಾರಿನಿಂದ ಬಾಳೆಲೆಯಲ್ಲಿ ಕಟ್ಟಿಸಿ ತಂದ ಮಲ್ಲಿಗೆಯ ಶಾಖ. ಫ್ರಿಜ್ಜು ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೇ ಅದರ ಕೆಲಸ. ಕೆ.ಆರ್. ಮಾರುಕಟ್ಟೆಯ ಹಮಾಲಿಯೊಬ್ಬ ಗೋದಾಮಿನಿಂದ ಮೂಟೆ ಹೊತ್ತು ಬೀದಿಗೆ ಹಾಕುತ್ತಿದ್ದಾನೆ ಎಂದುಕೊಳ್ಳಿ. ಹಿಂಬಾಗಿಲಿನಿಂದ ಯಾರೋ ಮೂಟೆಗಳನ್ನು ಮತ್ತೆ ಒಳಗೆ ತಂದು ಹಾಕುತ್ತಿದ್ದರೆ ಅವನು ದಿನವಿಡೀ ಹೊರಬೇಕಾಗುತ್ತದೆ, ಗೋದಾಮು ಮಾತ್ರ ಖಾಲಿಯಾಗುವುದಿಲ್ಲ. ನಿಲ್ಲದ ಫ್ರಿಜ್ಜೆಂದರೆ ಆ ಹಮಾಲಿ. ಅವನನ್ನು ಕೆಲಸದಿಂದ ತೆಗೆಯುವ ಮೊದಲು ಹಿಂಬಾಗಿಲು ಎಲ್ಲಿದೆ ಎಂದು ಹುಡುಕಬೇಕು.

ಮೆಕ್ಯಾನಿಕ್ಕು ಜೇಬಿನಿಂದ ಹತ್ತು ರೂಪಾಯಿಯ ನೋಟು ತೆಗೆದರು. ನೋಟಿನ ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಫ್ರಿಜ್ಜಿನ ಬಾಗಿಲು ಮುಚ್ಚಿ, ಮೆಲ್ಲಗೆ ಎಳೆದರು. ಹಿಡಿಯ ಕಡೆ ನೋಟು ಬಿಗಿಯಾಗಿ ಬಂತು. ಕೆಳಗೂ ಬಿಗಿ. ಕೀಲಿನ ಕಡೆ ಮೇಲ್ಭಾಗದಲ್ಲಿ ಮಾತ್ರ ಎಳೆಯುವ ಮೊದಲೇ ನೋಟು ಜಾರಿ ಕೆಳಗೆ ಬಿತ್ತು. ಆಮೇಲೆ ನನ್ನ ಮೊಬೈಲಿನ ಟಾರ್ಚ್ ಹೊತ್ತಿಸಿ ಫ್ರಿಜ್ಜಿನೊಳಗಿಟ್ಟು ಬಾಗಿಲು ಹಾಕಿ, ಉಗ್ರಾಣದ ದೀಪ ಆರಿಸಿದರು. ಕತ್ತಲಲ್ಲಿ ಬಾಗಿಲ ಅಂಚಿನ ಮೇಲೆ ಗೇಣುದ್ದದ ಬೆಳಕಿನ ಗೆರೆಯೊಂದು ಎದ್ದಿತು. ಅತ್ತೆ "ಅಯ್ಯೋ ರಾಮ" ಅಂದರು. ಬೆಳಕು ಹೊರಗೆ ಬರುವ ಆ ಸೀಳಿನಿಂದಲೇ ಬಸವನಗುಡಿಯ ಏಪ್ರಿಲ್ಲು ಹಗಲೂ ರಾತ್ರಿ ಒಳಗೆ ಹೋಗುತ್ತಿತ್ತು.

ಬಾಗಿಲ ರಬ್ಬರಿನ ಮಡಿಕೆಗಳಲ್ಲಿ ಒಣಗಿದ ಹಾಲು, ಅರಿಶಿನ ಸೇರಿಕೊಂಡಿದ್ದವು. ಬೆಚ್ಚನೆಯ ಸೋಪು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಅವರು ಮಡಿಕೆ ಮಡಿಕೆಯನ್ನೂ ತೊಳೆದರು. ಎಷ್ಟೋ ಮನೆಗಳಲ್ಲಿ ಇಷ್ಟೇ ಸಾಕಂತೆ, ರಬ್ಬರು ಮತ್ತೆ ಕಚ್ಚಿಕೊಳ್ಳುತ್ತದೆ. ಇಲ್ಲಿ ಮೇಲಿನ ಮೂಲೆ ಗಟ್ಟಿಯಾಗಿ ಸೀಳಿಬಿಟ್ಟಿತ್ತು. "ಹೊಸ ಗ್ಯಾಸ್ಕೆಟ್ ಹಾಕಲೇಬೇಕು. ಎಸ್‌.ಪಿ. ರೋಡಿಗೆ ಹೋಗಿ ತರ್ತೀನಿ. ದಾರಿಯಲ್ಲಿ ಚಾಮರಾಜಪೇಟೆಯಲ್ಲಿ ಇನ್ನೊಂದು ಫ್ರಿಜ್ ಇದೆ, ಅದೂ ನಿಲ್ತಾ ಇಲ್ವಂತೆ. ಬರ್ತೀರಾ ಸಾರ್?" ಎಂದರು. ಬರುತ್ತೇನೆ ಎಂದೆ.

ಬುಲ್ ಟೆಂಪಲ್ ರಸ್ತೆಯಲ್ಲಿ ರಾಮಕೃಷ್ಣ ಆಶ್ರಮದ ಮುಂದೆ ಸಿಗ್ನಲ್ಲಿಗೆ ನಿಂತೆವು. ಒಳಗಿನ ಮರಗಳನ್ನು ನೋಡುತ್ತ ನನಗೆ ಮದ್ರಾಸು ನೆನಪಾಯಿತು. 1897ರಲ್ಲಿ ವಿವೇಕಾನಂದರು ವಿದೇಶದಿಂದ ಮರಳಿದಾಗ ಮದ್ರಾಸಿನ ಕಡಲತೀರದಲ್ಲಿ ತಂಗಿದ್ದ ಕಟ್ಟಡದ ಹೆಸರು ಐಸ್ ಹೌಸ್. 1842ರಲ್ಲಿ ಅದನ್ನು ಕಟ್ಟಿದ್ದು ಅಮೆರಿಕದಿಂದ ಬರುವ ಮಂಜುಗಡ್ಡೆಯನ್ನು ಕೂಡಿಡಲು. ಬಾಸ್ಟನ್ನಿನ ಫ್ರೆಡೆರಿಕ್ ಟ್ಯೂಡರ್ ಎಂಬ ವ್ಯಾಪಾರಿ ಚಳಿಗಾಲದಲ್ಲಿ ಕೆರೆಗಳ ಮೇಲೆ ಹೆಪ್ಪುಗಟ್ಟಿದ ಮಂಜನ್ನು ಕುಯ್ಯಿಸಿ ಹಡಗಿಗೆ ಏರಿಸುತ್ತಿದ್ದ. 1833ರಲ್ಲಿ ಕಲ್ಕತ್ತೆಗೆ ಹೊರಟ ಅವನ ಮೊದಲ ಹಡಗಿನಲ್ಲಿ 180 ಟನ್ ಇತ್ತು. ನಾಲ್ಕು ತಿಂಗಳು ಕಡಲ ಮೇಲೆ, ಎರಡು ಸಲ ಭೂಮಧ್ಯರೇಖೆ ದಾಟಿ, ಕಲ್ಕತ್ತೆ ಮುಟ್ಟಿದಾಗ ಸುಮಾರು 100 ಟನ್ ಉಳಿದಿತ್ತು. ಕಂಪ್ರೆಸರ್ ಇಲ್ಲ, ಕರೆಂಟಿಲ್ಲ. ಕಾಪಾಡಿದ್ದು ಒತ್ತಾಗಿ ಪೇರಿಸಿದ ಮಂಜಿನ ಸುತ್ತಲ ಹೊದಿಕೆ, ಮುಚ್ಚಿದ ಬಾಗಿಲು. ಹೊರಗಿನ ಶಾಖ ಒಳಗೆ ನುಸುಳದಂತೆ ನೋಡಿಕೊಂಡದ್ದರಿಂದಲೇ ಅಷ್ಟು ಉಳಿಯಿತು. ಅತ್ತೆಯ ಫ್ರಿಜ್ಜಿನ ಆ ಗೇಣುದ್ದದ ಸೀಳಿನ ಬೆಲೆ ನನಗೆ ಸರಿಯಾಗಿ ತಿಳಿದದ್ದು ಆ ಸಿಗ್ನಲ್ಲಿನಲ್ಲಿ.

ಚಾಮರಾಜಪೇಟೆ ಬೆಂಗಳೂರಿನ ಹಳೆಯ ಯೋಜಿತ ಬಡಾವಣೆ. 1892ರಲ್ಲಿ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಆದದ್ದು. ಬಸವನಗುಡಿಗೂ ಮಲ್ಲೇಶ್ವರಕ್ಕೂ ಅಕ್ಕನಿದ್ದ ಹಾಗೆ. ಸಾಹಿತ್ಯ ಪರಿಷತ್ತಿನ ಮುಂದೆ ಹಾದು ಫೋರ್ಟ್ ಹೈಸ್ಕೂಲಿನ ಕಡೆ ತಿರುಗಿದೆವು. 1939ರಲ್ಲಿ ಹುಟ್ಟಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ನಡೆಯುವುದು ಆ ಮೈದಾನದಲ್ಲಿ. ಅದರ ಕಾಲವೇ ಆಗಿತ್ತು. ಬೀದಿಯ ಬದಿಯಲ್ಲಿ ಒಂದು ಅರವಟ್ಟಿಗೆ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಗಳು. ಸ್ಕೂಟರ್ ನಿಲ್ಲಿಸಿ ಇಬ್ಬರೂ ಪಾನಕ ಕುಡಿದೆವು. ಬೆಲ್ಲ, ಏಲಕ್ಕಿ, ಹಲ್ಲು ಜುಮ್ಮೆನ್ನದ ಹಿತವಾದ ತಂಪು.

"ಇದೇ ಸಾರ್ ಫ್ರಿಜ್ಜು" ಅಂದರು ಮೆಕ್ಯಾನಿಕ್ಕು, ಗಡಿಗೆಯನ್ನು ತೋರಿಸಿ. ಅವರು ಹೇಳಿದ್ದು ಅಕ್ಷರಶಃ ನಿಜ. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಶಾಖ ಬೇಕು. ಒಂದೊಂದು ಗ್ರಾಂ ನೀರಿಗೂ ಸುಮಾರು 580 ಕ್ಯಾಲೊರಿ. ಅದನ್ನು ಅದು ಒಳಗಿನ ಪಾನಕದಿಂದ ಕಿತ್ತುಕೊಂಡು ಹಾರಿಹೋಗುತ್ತದೆ. ಫ್ರಿಜ್ಜಿನ ಫ್ರೀಜರಿನಲ್ಲಿ ನಡೆಯುವುದೂ ಇದೇ. ಅಲ್ಲಿ ನೀರಿನ ಬದಲು ಬೇರೆ ದ್ರವ. ಅತ್ತೆಯ ಫ್ರಿಜ್ಜಿನಲ್ಲಿರುವ ಆರ್‌-134ಎ ಎಂಬುದು ಬಯಲಿನಲ್ಲಿಟ್ಟರೆ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಕೂದಲೆಳೆಯನ್ನು ನೆನಪಿಸುವ ತಾಮ್ರದ ನಳಿಗೆಯಿಂದ ಹೊರಬಿದ್ದು, ಫ್ರೀಜರಿನ ಕೊಳವೆಗಳಲ್ಲಿ ಕುದಿದು ಆವಿಯಾಗುತ್ತ ಹಾಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಗಡಿಗೆಯ ಆವಿ ಚಾಮರಾಜಪೇಟೆಯ ಗಾಳಿಯಲ್ಲಿ ಕಳೆದುಹೋಗುತ್ತದೆ. ಫ್ರಿಜ್ಜಿನ ಆವಿಯನ್ನು ಕಂಪ್ರೆಸರ್ ಹಿಡಿದು, ಒತ್ತಿ, ಬಿಸಿ ಮಾಡಿ ಹಿಂದಿನ ಕಾಯಿಲ್ಲಿಗೆ ನೂಕುತ್ತದೆ. ಅಲ್ಲಿ ಅದು ಶಾಖವನ್ನು ಹೊರಗೆ ಬಿಟ್ಟು, ಮತ್ತೆ ದ್ರವವಾಗಿ, ಮತ್ತೆ ಒಳಗೆ ಹೊರಡುತ್ತದೆ. ಮನೆಯ ಫ್ರಿಜ್ಜಿನೊಳಗೆ ಹೀಗೆ ಸುತ್ತುವ ಗ್ಯಾಸು ಎಷ್ಟು ಗೊತ್ತೇ? ಹೆಚ್ಚೆಂದರೆ ನೂರು ಚಿಲ್ಲರೆ ಗ್ರಾಂ. ಈಗಿನ ಹೊಸ ಫ್ರಿಜ್ಜುಗಳಲ್ಲಿ 50 ಗ್ರಾಮಿನ ಆಚೀಚೆ. ಒಂದು ಹಿಡಿ ತೂಕದ ಗ್ಯಾಸು ಇಪ್ಪತ್ತು ಬೇಸಿಗೆಗಳ ಶಾಖವನ್ನು ಹೊರಗೆ ಸಾಗಿಸುತ್ತದೆ, ಒಂದು ಗುಲಗಂಜಿಯಷ್ಟೂ ಕರಗದೆ.

ಅದಕ್ಕೇ ಅವರು ಹೇಳಿದ ಒಂದು ಮಾತನ್ನು ಬರೆದುಕೊಂಡೆ: "ಗ್ಯಾಸ್ ಖರ್ಚಾಗಲ್ಲ ಸಾರ್. ಸೋರಿದ್ರೆ ಮಾತ್ರ ಹೋಗುತ್ತೆ."

ಚಾಮರಾಜಪೇಟೆಯ ಮನೆ ಒಂದು ವಠಾರದ ಮಹಡಿಯಲ್ಲಿತ್ತು. ಅಲ್ಲಿದ್ದದ್ದು ಎರಡು ಬಾಗಿಲಿನ ಫ್ರಾಸ್ಟ್‌ಫ್ರೀ ಫ್ರಿಜ್ಜು. ಮೇಲೆ ಐಸು ಚೆನ್ನಾಗಿ ಕಟ್ಟುತ್ತಿದೆ, ಕೆಳಗೆ ಮಾತ್ರ ತಂಪಿಲ್ಲ, ಮೋಟಾರು ನಿಲ್ಲುತ್ತಿಲ್ಲ ಎಂದು ಮನೆಯಾಕೆ ಹೇಳಿದರು. ಬಾಗಿಲ ರಬ್ಬರು ಬಿಗಿಯಾಗಿತ್ತು. ಮೆಕ್ಯಾನಿಕ್ಕು ಫ್ರೀಜರನ್ನು ಖಾಲಿ ಮಾಡಿಸಿ, ಒಳಗಿನ ಹಿಂಬದಿಯ ಬಿಳಿ ಹಲಗೆಯ ಸ್ಕ್ರೂ ಬಿಚ್ಚಿ ಮೆಲ್ಲಗೆ ಎತ್ತಿದರು. ಆ ನೋಟವನ್ನು ನಾನು ಮರೆಯಲಾರೆ. ಅಲ್ಯೂಮಿನಿಯಂ ರೆಕ್ಕೆಗಳ ಸಾಲು ಇರಬೇಕಾದ ಜಾಗದಲ್ಲಿ ಒಂದು ಇಡೀ ಹಿಮದ ಗೋಡೆ. ಕೆಲವು ಕಡೆ ಹತ್ತಿಯ ಹಾಗೆ ಸಡಿಲ, ಕೆಲವು ಕಡೆ ಗಾಜಿನ ಹಾಗೆ ಪಾರದರ್ಶಕ, ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು. ಚಾಮರಾಜಪೇಟೆಯ ಸೆಕೆಯಲ್ಲಿ, ಮಹಡಿಯ ಮನೆಯಲ್ಲಿ, ಯಾರ ಕಣ್ಣಿಗೂ ಬೀಳದೆ ಒಂದು ಹಿಮನದಿ ಬೆಳೆದಿತ್ತು.

ಬಾಗಿಲು ತೆಗೆದಾಗಲೆಲ್ಲ ಒಳಗೆ ಹೋದ ಗಾಳಿಯ ತೇವ ಆ ರೆಕ್ಕೆಗಳ ಮೇಲೆ ಮಂಜಾಗಿ ಕೂರುತ್ತದೆ. ಅದನ್ನು ಕರಗಿಸಲು ಫ್ರಿಜ್ಜಿನೊಳಗೇ ಒಂದು ಹೀಟರ್ ಇದೆ ಎಂಬುದು ನನಗೆ ಹೊಸ ಸುದ್ದಿ. ತಂಪಿನ ಪೆಟ್ಟಿಗೆಯ ಹೊಟ್ಟೆಯಲ್ಲಿ ಒಂದು ಒಲೆ! ಕೆಲವು ಗಂಟೆಗಳಿಗೊಮ್ಮೆ ಕಂಪ್ರೆಸರನ್ನು ನಿಲ್ಲಿಸಿ, ಸ್ವಲ್ಪ ಹೊತ್ತು ಆ ಹೀಟರ್ ಉರಿದು ಮಂಜು ಕರಗುತ್ತದೆ. ನೀರು ಕೊಳವೆಯಲ್ಲಿ ಇಳಿದು ಕೆಳಗಿನ ತಟ್ಟೆಗೆ ಬಂದು ಕಂಪ್ರೆಸರಿನ ಬಿಸಿಗೆ ಆರುತ್ತದೆ. ಈ ಸರದಿ ತಪ್ಪಿದರೆ ಮಂಜು ಬೆಳೆದು ಗಾಳಿಯ ದಾರಿ ಕಟ್ಟುತ್ತದೆ. ಫ್ಯಾನು ತಿರುಗಿದರೂ ತಂಗಾಳಿ ಕೆಳಗಿನ ಕೋಣೆಗೆ ಇಳಿಯುವುದಿಲ್ಲ. ಕೆಳಗೆ ತಂಪಿಲ್ಲ ಎಂದು ಕಂಪ್ರೆಸರ್ ಓಡುತ್ತಲೇ ಇರುತ್ತದೆ.

ತಪ್ಪಿದ್ದು ಯಾರು? ಟೈಮರೋ, ಹೀಟರೋ, ಬೈಮೆಟಲ್ಲೋ? ಹೀಟರಿಗೆ ಮೀಟರ್ ಹಿಡಿದರು, ಸರಿಯಿತ್ತು. ಟೈಮರನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿದರು, ಟಕ್ ಎಂದು ಹೊರಳಿತು. ಉಳಿದದ್ದು ಎಂಟಾಣೆ ನಾಣ್ಯದಷ್ಟಗಲದ ಒಂದು ಬಿಲ್ಲೆ, ಎರಡು ತಂತಿ. ಬೈಮೆಟಲ್ ಅಂದರೆ ಅದು. ಚೆನ್ನಾಗಿ ತಣಿದಾಗ ಮಾತ್ರ ಒಳಗಿನ ಲೋಹದ ಪಟ್ಟಿ ಬಾಗಿ ಹೀಟರಿಗೆ ಕರೆಂಟಿನ ದಾರಿ ಕೂಡಿಸುತ್ತದೆ, ಬಿಸಿಯಾದೊಡನೆ ಬಿಡಿಸುತ್ತದೆ. ಹಾಗಾಗಿ ಅದನ್ನು ಮೇಜಿನ ಮೇಲಿಟ್ಟು ಪರೀಕ್ಷೆ ಮಾಡಿದರೆ ಒಳ್ಳೆಯದೂ ಕೆಟ್ಟದ್ದೂ ಒಂದೇ ಉತ್ತರ ಕೊಡುತ್ತವೆ. ಅವರು ಮನೆಯಾಕೆಯಿಂದ ಒಂದು ಸ್ಟೀಲ್ ಲೋಟ ಕೇಳಿದರು. ಐಸು ಪುಡಿ ಮಾಡಿ ತುಂಬಿಸಿ, ಮೇಲೆ ಒಂದು ಹಿಡಿ ಕಲ್ಲುಪ್ಪು ಹಾಕಿ ಕಲಕಿದರು. ಉಪ್ಪು ಬಿದ್ದ ಐಸು ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ. ಲೋಟದ ಹೊರಮೈ ನಮ್ಮ ಕಣ್ಣೆದುರೇ ಬೆಳ್ಳಗಾಯಿತು. ಬಿಲ್ಲೆಯನ್ನು ಅದರಲ್ಲಿ ಹೂತು, ತಂತಿಗಳಿಗೆ ಮೀಟರ್ ಹಿಡಿದು ಕಾದರು. ಕೀಂ ಎನ್ನಬೇಕಾದ ಮೀಟರು ಎನ್ನಲಿಲ್ಲ. ಮತ್ತಷ್ಟು ಹೊತ್ತು ಕಾದರು. ಇಲ್ಲ. "ಸಿಕ್ಕಿಬಿದ್ದ ಸಾರ್" ಅಂದರು. ಪ್ರಯೋಗಶಾಲೆಗಳಲ್ಲಿ ಇದಕ್ಕಿಂತ ಚೊಕ್ಕವಾದ ಪ್ರಯೋಗ ನಡೆದೀತೆಂದು ನನಗೆ ಅನಿಸುವುದಿಲ್ಲ.

ಹಿಮ ಕರಗಲು ಫ್ರಿಜ್ಜನ್ನು ಆರಿಸಿ, ಬಾಗಿಲು ತೆರೆದಿಟ್ಟು, ಕೆಳಗೆ ಬಟ್ಟೆ ಹಾಸಿ ಹೊರಟೆವು. ಚಾಕು, ಸ್ಕ್ರೂಡ್ರೈವರು ಹಾಕಿ ಮಂಜು ಕೆರೆಯಬೇಡಿ ಎಂದು ಅವರು ಮನೆಯಾಕೆಗೆ ಎರಡೆರಡು ಸಲ ಹೇಳಿದರು. ಗ್ಯಾಸು ಸೋರಿದ ಫ್ರಿಜ್ಜುಗಳಲ್ಲಿ ಹಾಗೆ ಕೆರೆದು ತೂತು ಮಾಡಿದವೇ ಬೇಕಾದಷ್ಟಿವೆಯಂತೆ.

ಎಸ್‌.ಪಿ. ರೋಡಿಗೆ, ಅಂದರೆ ಸಾದರ ಪತ್ರಪ್ಪ ರಸ್ತೆಗೆ, ಕಂಪ್ಯೂಟರಿನ ಸಾಮಾನಿಗೆಂದು ಹೋದವರೇ ಹೆಚ್ಚು. ಅದರ ಅಕ್ಕಪಕ್ಕದ ಗಲ್ಲಿಗಳ ಫ್ರಿಜ್ ಸಾಮಾನಿನ ಅಂಗಡಿ ಬೇರೆಯೇ ಲೋಕ. ಬಾಗಿಲಿಗೆ ಹಾರಗಳ ಹಾಗೆ ತೂಗುಬಿಟ್ಟ ಗ್ಯಾಸ್ಕೆಟ್ಟುಗಳು, ಸುರುಳಿ ಸುತ್ತಿದ ತಾಮ್ರದ ಕೊಳವೆ, ಡಬ್ಬಿಗಳಲ್ಲಿ ರಿಲೇ, ಓವರ್‌ಲೋಡು, ಬಾಲವಿರುವ ಥರ್ಮೋಸ್ಟಾಟುಗಳು. ಆ ಬಾಲದೊಳಗೂ ಚೂರು ಗ್ಯಾಸಿದೆ. ಫ್ರೀಜರಿನ ತಂಪಿಗೆ ಅದು ಕುಗ್ಗಿದಾಗ ಟಿಕ್ ಎಂದು ಸ್ವಿಚ್ಚು ಬಿಡುತ್ತದೆ. ನೆಲದ ಮೇಲೆ ಕಪ್ಪು ಕಂಪ್ರೆಸರುಗಳ ಸಾಲು. ಮೋಟಾರು, ಪಿಸ್ಟನ್ನು, ಎಣ್ಣೆ ಎಲ್ಲವನ್ನೂ ಒಳಗಿಟ್ಟು ಬೆಸುಗೆ ಹಾಕಿ ಮುಚ್ಚಿದ ಮೇಲೆ ಅದರ ಒಳಗನ್ನು ಯಾರೂ ನೋಡುವುದಿಲ್ಲ.

ಅಂಗಡಿಯವರು ಮಾಡೆಲ್ ನಂಬರು ಕೇಳಿ ಗ್ಯಾಸ್ಕೆಟ್ ತೆಗೆದುಕೊಟ್ಟರು. ಕೈಗೆ ತೆಗೆದುಕೊಂಡರೆ ಅದು ಕಬ್ಬಿಣದ ಕಪಾಟಿಗೆ ತಾನೇ ಹೋಗಿ ಅಂಟಿತು. ಒಳಗೆ ಉದ್ದಕ್ಕೂ ಅಯಸ್ಕಾಂತದ ಪಟ್ಟಿ. ಅದು ಬಂದ ಕಥೆ ಕರುಳು ಹಿಂಡುವಂಥದ್ದು. ಹಿಂದೆ ಫ್ರಿಜ್ಜುಗಳಿಗೆ ಹೊರಗಿನಿಂದ ಬೀಳುವ ಚಿಲಕವಿರುತ್ತಿತ್ತು. ಎಸೆದ ಫ್ರಿಜ್ಜುಗಳಲ್ಲಿ ಅಡಗಿ ಆಡುವ ಮಕ್ಕಳು ಒಳಗೆ ಸಿಕ್ಕಿ ಉಸಿರುಕಟ್ಟಿ ಸಾಯುತ್ತಿದ್ದರು. ಒಳಗಿನಿಂದ ನೂಕಿದರೆ ಬಾಗಿಲು ತೆರೆಯಲೇಬೇಕೆಂದು ಅಮೆರಿಕ 1956ರಲ್ಲಿ ಕಾನೂನು ಮಾಡಿತು, 1958ರಿಂದ ಅದು ಜಾರಿಗೆ ಬಂತು. ಚಿಲಕದ ಜಾಗಕ್ಕೆ ಅಯಸ್ಕಾಂತ ಬಂತು. ನಮ್ಮ ದೇಶದಲ್ಲಿ ಗೋದ್ರೆಜ್ ಮೊದಲ ಫ್ರಿಜ್ಜು ಮಾಡಿದ್ದೂ 1958ರಲ್ಲೇ. ಅತ್ತೆಯ ಫ್ರಿಜ್ಜಿನ ಬಾಗಿಲು ಒಂದು ಬೆರಳಿನ ಎಳೆತಕ್ಕೆ ತೆರೆದುಕೊಳ್ಳುವುದರ ಹಿಂದೆ ಎಲ್ಲಿಯದೋ ಮಕ್ಕಳ ಸಾವಿದೆ ಎಂದು ತಿಳಿದಾಗ ಆ ರಬ್ಬರಿನ ತುಂಡನ್ನು ನಾನು ಬೇರೆ ರೀತಿ ಹಿಡಿದುಕೊಂಡೆ.

ಅಂಗಡಿಯ ಮೂಲೆಯಲ್ಲಿ ಗ್ಯಾಸಿನ ಡಬ್ಬಗಳಿದ್ದವು. ಹಳಬರಿಗೆ ಆರ್‌-12 ಗೊತ್ತು. ಅದಕ್ಕೆ ಮುಂಚೆ ಬಳಸುತ್ತಿದ್ದ ಅಮೋನಿಯಾ, ಸಲ್ಫರ್ ಡೈಆಕ್ಸೈಡುಗಳು ವಿಷ. ಆರ್‌-12 ಬೆಂಕಿಯೂ ಹತ್ತದ, ವಿಷವೂ ಅಲ್ಲದ ಸಾಧು ಎಂದೇ ಲೋಕ ನಂಬಿತ್ತು. ಸೋರಿದ ಆ ಗ್ಯಾಸು ಮೇಲೇರಿ ಓಜೋನ್ ಪದರವನ್ನು ತಿನ್ನುತ್ತದೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ತೋರಿಸಿದರು. 1985ರಲ್ಲಿ ಅಂಟಾರ್ಟಿಕಾದ ಮೇಲಿನ ರಂಧ್ರದ ಸುದ್ದಿ ಬಂತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತವೂ ಅದನ್ನು ಸೇರಿತು. ಚಾಮರಾಜಪೇಟೆಯ ವಠಾರದಲ್ಲಿ ಸೋರಿದ್ದು ದಕ್ಷಿಣ ಧ್ರುವದ ಆಕಾಶಕ್ಕೆ ಮುಟ್ಟುತ್ತದೆ ಎನ್ನುವುದಕ್ಕಿಂತ ದೊಡ್ಡ ಪ್ರಯಾಣ ಯಾವುದಿದೆ? ಈಗ ಹೊಸ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಬರುವುದು ಆರ್‌-600ಎ, ಅಂದರೆ ಐಸೊಬ್ಯುಟೇನ್. ಓಜೋನಿಗೆ ತೊಂದರೆಯಿಲ್ಲ, ಭೂಮಿಯನ್ನು ಬಿಸಿ ಮಾಡುವುದೂ ತೀರಾ ಕಡಿಮೆ. ಆದರೆ ಅಡುಗೆ ಗ್ಯಾಸಿನ ಹತ್ತಿರದ ನೆಂಟ, ಬೆಂಕಿ ಹತ್ತುತ್ತದೆ. ಫ್ರಿಜ್ಜಿನ ಹಿಂದಿನ ಚೀಟಿಯಲ್ಲಿ ಆರ್‌-600ಎ ಎಂದಿದ್ದರೆ, ಮುಚ್ಚಿದ ಅಡುಗೆಮನೆಯಲ್ಲಿ ಬೆಸುಗೆಯ ಬೆಂಕಿ ಹಚ್ಚಲು ಯಾರಿಗೂ ಬಿಡಬೇಡಿ.

ಅಲ್ಲಿಂದ ಕೆ.ಆರ್. ಮಾರುಕಟ್ಟೆ ಕೂಗಳತೆಯ ದೂರ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಬಂದದ್ದು 1905ರ ಆಗಸ್ಟ್ 5ರಂದು, ಬೀದಿದೀಪ ಬೆಳಗಿದ್ದು ಇದೇ ಮಾರುಕಟ್ಟೆಯ ಬಳಿ. ಆ ವಿದ್ಯುತ್ ಯೋಜನೆಗೆ ಕೈ ಹಾಕಿದವರು ದಿವಾನ್ ಶೇಷಾದ್ರಿ ಅಯ್ಯರ್. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಿಗೆ ಗೆರೆ ಎಳೆದದ್ದೂ ಅವರ ದಿವಾನಗಿರಿಯಲ್ಲೇ. ಅವರು ತೀರಿಕೊಂಡದ್ದು 1901ರಲ್ಲಿ. ಮನೆಗಳಿಗೆ ಗಾಳಿ ಕೊಟ್ಟವರೇ ಆ ಮನೆಗಳ ಫ್ರಿಜ್ಜುಗಳಿಗೆ ಕರೆಂಟನ್ನೂ ಹೊಂಚಿಟ್ಟು, ದೀಪ ಹೊತ್ತುವುದನ್ನು ನೋಡದೆ ಹೋದರು.

ಸಂಜೆಯೊಳಗೆ ಎರಡೂ ಮನೆಗಳ ಕೆಲಸ ಮುಗಿಯಿತು. ಚಾಮರಾಜಪೇಟೆಯಲ್ಲಿ ಹೊಸ ಬೈಮೆಟಲ್ ಕೂತಿತು. ಹೊಸ ಗ್ಯಾಸ್ಕೆಟ್ ಮಡಚಿ ಕಟ್ಟಿದ್ದರಿಂದ ಅಂಕುಡೊಂಕಾಗಿತ್ತು. ಅತ್ತೆಯ ಮನೆಯ ತಾರಸಿಯಲ್ಲಿ, ಹಪ್ಪಳದ ಪಕ್ಕದಲ್ಲೇ ಬಿಸಿಲಿಗೆ ಹರಡಿದೆವು, ಮೆತ್ತಗಾಗಿ ನೇರವಾಯಿತು. ಫ್ರಿಜ್ಜನ್ನು ಉಗ್ರಾಣದಿಂದ ಊಟದ ಕೋಣೆಗೆ, ಗೋಡೆಯಿಂದ ಒಂದು ಗೇಣು ಬಿಟ್ಟು ನಿಲ್ಲಿಸಿ, ಕಾಯಿಲ್ಲಿನ ಧೂಳು ಬ್ರಷ್ಷಿನಲ್ಲಿ ತೆಗೆದು, ರಬ್ಬರು ಹಾಕಿದ್ದಾಯಿತು. ನೋಟು ನಾಲ್ಕೂ ಕಡೆ ಬಿಗಿ. ರಾತ್ರಿ ಊಟಕ್ಕೆ ಕೂತಿದ್ದಾಗ ಟಿಕ್ ಎಂದಿತು, ಗುಂಯ್ ನಿಂತಿತು. ಅತ್ತೆ ಅನ್ನ ಬಡಿಸುತ್ತಿದ್ದ ಕೈ ತಡೆದು ಕೇಳಿಸಿಕೊಂಡರು. 100 ವ್ಯಾಟಿನ ಕಂಪ್ರೆಸರ್ ದಿನವಿಡೀ ಓಡಿದರೆ 2.4 ಯೂನಿಟ್, ತಿಂಗಳಿಗೆ 72. ಮೂರರಲ್ಲಿ ಒಂದು ಹೊತ್ತು ಮಾತ್ರ ಓಡಿದರೆ 24. ಗೃಹಜ್ಯೋತಿಯ 200 ಯೂನಿಟ್ಟಿನ ಗಡಿಯ ಅಂಚಿನಲ್ಲಿರುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ.

ಮಲ್ಲೇಶ್ವರದ ಕರೆ ಮಾರನೆಯ ಬೆಳಗಿನದು. ನ್ಯಾಷನಲ್ ಕಾಲೇಜಿನ ಬಳಿ ಮೆಟ್ರೋ ಹತ್ತಿ, ಹಿಂದಿನ ದಿನ ಸ್ಕೂಟರಿನಲ್ಲಿ ಅಲೆದ ಮಾರುಕಟ್ಟೆ, ಚಿಕ್ಕಪೇಟೆಗಳ ಅಡಿಯಲ್ಲಿ ಹಾದು ಸಂಪಿಗೆ ರಸ್ತೆಯಲ್ಲಿ ಇಳಿದೆ. ನೆಲದಡಿಯಲ್ಲಿ ಸೆಕೆಯಿರಲಿಲ್ಲ. ಆ ಸೆಕೆಯನ್ನೂ ಯಾವುದೋ ಯಂತ್ರ ಹೊತ್ತು ಮೇಲಕ್ಕೆ ಹಾಕುತ್ತಿದೆ ಎಂಬುದು ಈಗ ತಾನಾಗಿ ಹೊಳೆಯಿತು. ಮಲ್ಲೇಶ್ವರದ ಮನೆಯ ಯಜಮಾನಿ ನಿವೃತ್ತ ಭೌತಶಾಸ್ತ್ರ ಅಧ್ಯಾಪಕಿ. ಫ್ರಿಜ್ಜು ಹೊಸದು, ಬಂದಾಗಿನಿಂದ ನಿಂತೇ ಇಲ್ಲ, ಎರಡೂ ಪಕ್ಕಗಳು ಬಿಸಿ. ಮೆಕ್ಯಾನಿಕ್ಕು ನೋಟು ಹಾಕಿದರು, ಬಿಗಿ. ಥರ್ಮಾಮೀಟರು 4 ಡಿಗ್ರಿ. ಪ್ಲಗ್ಗಿಗೆ ಮೀಟರು ಜೋಡಿಸಿದರೆ 40 ವ್ಯಾಟಿನ ಆಚೀಚೆ. "ಇದು ಇನ್ವರ್ಟರ್ ಮಷೀನು ಮೇಡಂ. ಓಡಿ ನಿಂತು ಓಡಿ ನಿಂತು ಮಾಡಲ್ಲ, ನಿಧಾನಕ್ಕೆ ನಡೀತಾನೇ ಇರುತ್ತೆ. ಪಕ್ಕ ಬಿಸಿ ಯಾಕಂದ್ರೆ ಕಾಯಿಲ್ ಗೋಡೆ ಒಳಗಿದೆ. ಏನೂ ಆಗಿಲ್ಲ" ಎಂದು ಚೀಲ ಎತ್ತಿಕೊಂಡರು. ಬಂದ ಖರ್ಚು ಮಾತ್ರ ತೆಗೆದುಕೊಂಡರು.

ಆಕೆ ಕಾಫಿ ಕೊಡುತ್ತ, ತಣ್ಣಗಿನದರಿಂದ ಬಿಸಿಯ ಕಡೆಗೆ ಶಾಖ ತಾನಾಗಿ ಎಂದೂ ಹೋಗುವುದಿಲ್ಲ, ದುಡಿದೇ ಸಾಗಿಸಬೇಕು ಎಂದರು. ಸಾದಿ ಕಾರ್ನೋ ಎಂಬ ಫ್ರೆಂಚ್ ಇಂಜಿನಿಯರು 1824ರಲ್ಲಿ ಹಾಕಿದ ತಳಹದಿಯ ಮೇಲೆ ನಿಂತ ಮಾತು ಅದು. ಇಲ್ಲಿಗೆ ಹತ್ತಿರದ ಟಾಟಾ ಇನ್‌ಸ್ಟಿಟ್ಯೂಟಿನ ಕ್ರಯೋಜೆನಿಕ್ ಕೇಂದ್ರದವರು ದ್ರವ ಹೀಲಿಯಂ ಬಳಸುತ್ತಾರೆ, ಸೊನ್ನೆಗಿಂತ 269 ಡಿಗ್ರಿ ಕೆಳಗೆ. ಅಲ್ಲಿಯ ಯಂತ್ರಗಳಿಗೂ ಅತ್ತೆಯ ಫ್ರಿಜ್ಜಿಗೂ ನಿಯಮ ಒಂದೇ. ಮೆಕ್ಯಾನಿಕ್ಕು ಲೋಟ ಕೆಳಗಿಟ್ಟು "ಹೌದು ಮೇಡಂ, ಅದಕ್ಕೇ ಮಷೀನಿಗೆ ಗಾಳಿ ಬಿಡಬೇಕು" ಎಂದರು.

ನಿಮ್ಮ ಮನೆಯ ಫ್ರಿಜ್ಜೂ ನಿಲ್ಲದೆ ಓಡುತ್ತಿದ್ದರೆ ಇವತ್ತೇ ಅದನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಿರಿ, ಪ್ಲಗ್ಗು ಕಿತ್ತು ಹಿಂದಿನ ಧೂಳು ತೆಗೆಯಿರಿ, ಬಾಗಿಲಿಗೆ ನೋಟು ಹಾಕಿ ನೋಡಿ, ರಬ್ಬರು ತೊಳೆಯಿರಿ. ಆಮೇಲೂ ನಿಲ್ಲದಿದ್ದರೆ ಮೆಕ್ಯಾನಿಕ್ಕನ್ನು ಕರೆಸಿ. ಗ್ಯಾಸು ತುಂಬಿಸಬೇಕು ಎಂದು ಹೇಳಿದರೆ, ಎಲ್ಲಿ ಸೋರಿದೆ ತೋರಿಸಿ ಎಂದು ಕೇಳಿ. ತೋರಿಸಿದವರಿಗೆ ಕೆಲಸ ಕೊಡಿ, ಅವರು ಕೇಳಿದ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.